ನಾಯಿಯ ಚರ್ಮದ ಅಲರ್ಜಿ: ಮೊದಲು ಚಿಗಟ, ಆಮೇಲೆ ಸೋಂಕು, ಆಮೇಲೆ ಊಟ

ನಾಯಿ ಕೆರೆದುಕೊಳ್ಳತೊಡಗಿತು ಎಂದರೆ ಸಾಕು, ಬೆಂಗಳೂರಿನ ಯಾವ ಬಡಾವಣೆಯ ಉದ್ಯಾನದಲ್ಲೂ ಸಲಹೆಗಳಿಗೆ ಬರವಿಲ್ಲ. ಕೋಳಿ ನಿಲ್ಲಿಸಿ ಎನ್ನುವವರು ಒಬ್ಬರು, ಬೇವಿನೆಣ್ಣೆ ಹಚ್ಚಿ ಎನ್ನುವವರು ಇನ್ನೊಬ್ಬರು, ಒಂದು ಇಂಜೆಕ್ಷನ್ ಹಾಕಿಸಿದರೆ ಮುಗಿಯಿತು ಎನ್ನುವವರು ಮತ್ತೊಬ್ಬರು. ಕೋಳಿ ನಿಲ್ಲಿಸಿದ್ದರಿಂದ ಕೆಲವು ನಾಯಿಗಳಿಗೆ ನಿಜಕ್ಕೂ ಗುಣವಾಗುತ್ತದೆ. ಇಂಜೆಕ್ಷನ್ ಕೆಲವು ವಾರಗಳ ಮಟ್ಟಿಗೆ ತುರಿಕೆಯನ್ನು ಅಡಗಿಸುತ್ತದೆ. ಬೇವಿನೆಣ್ಣೆಯ ಸಂಗತಿ ಮುಂದೆ ಬರುತ್ತದೆ. ಜನ ಎಡವುವುದು ಕ್ರಮದಲ್ಲಿ. ಮೈಮೇಲೆ ಚಿಗಟ ಓಡಾಡುತ್ತಿರುವಾಗಲೇ ಊಟ ಬದಲಿಸಿದರೆ, ಬೆರಳ ಸಂದಿಯಲ್ಲಿ ಸೋಂಕು ಇರುವಾಗಲೇ ಅಲರ್ಜಿ ಮಾತ್ರೆ ಕೊಟ್ಟರೆ, ಯಾವುದರಿಂದ ಏನಾಯಿತು ಎಂಬುದೇ ತಿಳಿಯದೆ ಹೋಗುತ್ತದೆ.

ನಾಯಿಗಳ ಚರ್ಮದ ಅಲರ್ಜಿಯಲ್ಲಿ ಹೆಚ್ಚಾಗಿ ಕಾಣುವವು ಮೂರು ಬಗೆ. ಚಿಗಟದ ಜೊಲ್ಲಿನಿಂದ ಬರುವುದು ಮೊದಲನೆಯದು. ಆಹಾರದಲ್ಲಿರುವ ಪ್ರೋಟೀನಿನಿಂದ ಬರುವುದು ಎರಡನೆಯದು. ಪರಾಗ, ಮನೆಯ ದೂಳಿನಲ್ಲಿರುವ ಸೂಕ್ಷ್ಮ ಹುಳ, ಬೂಷ್ಟು ಮುಂತಾದ ಪರಿಸರದ ವಸ್ತುಗಳಿಂದ ಬರುವುದು ಮೂರನೆಯದು. ವೈದ್ಯರು ಇದನ್ನು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಒಂದೇ ನಾಯಿಗೆ ಇವುಗಳಲ್ಲಿ ಎರಡು ಇರಬಹುದು, ಮೂರೂ ಇರಬಹುದು. ಕಾವೇರಿ ನೀರು, ಟ್ಯಾಂಕರ್ ನೀರು, ಮಳೆನೀರು ಎಲ್ಲವೂ ಒಂದೇ ಸಂಪಿನೊಳಗೆ ಬಿದ್ದು ಅದು ಉಕ್ಕಿ ಹರಿದಂತೆ, ಸಣ್ಣಪುಟ್ಟ ಕಾರಣಗಳು ಕೂಡಿಕೊಂಡಾಗಲೇ ಎಷ್ಟೋ ನಾಯಿಗಳಿಗೆ ತುರಿಕೆ ತಡೆಯಲಾಗದ ಮಟ್ಟ ಮುಟ್ಟುತ್ತದೆ. ಒಂದೆರಡು ಮೂಲಗಳನ್ನು ಮುಚ್ಚಿದರೂ ಸಾಕು, ನಾಯಿ ರಾತ್ರಿ ನೆಮ್ಮದಿಯಾಗಿ ಮಲಗುತ್ತದೆ.

ಮುಂದುವರಿಯುವ ಮುನ್ನ ಒಂದು ಎಚ್ಚರಿಕೆ. ಜೇನ್ನೊಣ ಕಚ್ಚಿದ ಮೇಲೋ ಲಸಿಕೆ ಹಾಕಿಸಿದ ಮೇಲೋ ಮುಖ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ, ವಾಂತಿ, ಉಸಿರಾಟದ ತೊಂದರೆ ಅಥವಾ ಕುಸಿದು ಬೀಳುವಂಥ ನಿಶ್ಶಕ್ತಿ ಕಂಡರೆ ಈ ಮಾರ್ಗದರ್ಶಿಯನ್ನು ಓದುತ್ತಾ ಕೂರಬೇಡಿ. ಹತ್ತಿರ ತೆರೆದಿರುವ ಪಶು ಚಿಕಿತ್ಸಾಲಯಕ್ಕೆ ಕೂಡಲೇ ಹೊರಡಿ.

ಹಂತ 1: ಎಲ್ಲಿ ತುರಿಕೆ, ಯಾವಾಗಿನಿಂದ?

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿದಿನ ರಾತ್ರಿ ಆ ದಿನದ ತುರಿಕೆಗೆ 0ಯಿಂದ 10ರ ಒಳಗೆ ಒಂದು ಅಂಕ ಕೊಡಿ. ಕೆರೆಯುವುದೇ ಇಲ್ಲ ಎಂದರೆ 0. ಊಟ, ಆಟ, ನಿದ್ದೆ ಎಲ್ಲ ಬಿಟ್ಟು ಕೆರೆಯುತ್ತಲೇ ಇದೆ ಎಂದರೆ 10. ಪಂಜ ನೆಕ್ಕುವುದು, ಸೋಫಾಕ್ಕೆ ಮುಖ ಉಜ್ಜುವುದು, ತಲೆ ಕೊಡವುವುದು, ನೆಲದ ಮೇಲೆ ಹಿಂಭಾಗ ಎಳೆಯುವುದು ಇವೆಲ್ಲವೂ ತುರಿಕೆಯೇ. ಎಷ್ಟೋ ಮನೆಗಳಲ್ಲಿ ಪಂಜ ನೆಕ್ಕುವುದನ್ನು ನಾಯಿಯ ಶುಚಿತ್ವ ಎಂದು ಮೆಚ್ಚಿಕೊಳ್ಳುವುದುಂಟು. ಬಿಳಿ ಕೂದಲಿನ ನಾಯಿಯ ಬೆರಳುಗಳ ನಡುವೆ ಕೂದಲು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಜೊಲ್ಲಿನ ಕಲೆ. ನೀವು ನೋಡದಿದ್ದಾಗಲೂ ಅದು ನೆಕ್ಕುತ್ತಿದೆ ಎಂಬುದಕ್ಕೆ ಸಾಕ್ಷಿ.

ಜಾಗವೂ ಸುಳಿವು ಕೊಡುತ್ತದೆ. ಸೊಂಟದ ಕೆಳಗೆ, ಬಾಲದ ಬುಡದಲ್ಲಿ, ತೊಡೆಯ ಹಿಂಭಾಗದಲ್ಲಿ ಕೂದಲು ಉದುರಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಪಂಜ, ಕಿವಿ, ಮುಖ, ಕಂಕುಳು, ತೊಡೆಸಂದು ಕೆಂಪಾಗಿದ್ದರೆ ಆಹಾರ ಅಥವಾ ಪರಿಸರ. ಇವೆರಡನ್ನು ಬರಿಗಣ್ಣಿನಿಂದ ಬೇರ್ಪಡಿಸಲು ವೈದ್ಯರಿಗೂ ಆಗುವುದಿಲ್ಲ. ವಯಸ್ಸನ್ನೂ ಬರೆದುಕೊಳ್ಳಿ. ಪರಿಸರದ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆ ಎತ್ತುತ್ತದೆ; ಆಹಾರದ ಅಲರ್ಜಿಗೆ ವಯಸ್ಸಿನ ಮಿತಿಯಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಮಲ ವಿಸರ್ಜನೆ, ಹೊಟ್ಟೆಯಲ್ಲಿ ಗ್ಯಾಸ್, ಆಗಾಗ ಭೇದಿ ಜೊತೆಗಿದ್ದರೆ ಆಹಾರದ ಕಡೆಗೆ ಅನುಮಾನ ವಾಲುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಗ್, ಶೀಟ್ಸು ತಳಿಗಳಲ್ಲಿ ಪರಿಸರದ ಅಲರ್ಜಿ ಹೆಚ್ಚು. ನಾಟಿ ನಾಯಿಗೆ ಬರುವುದೇ ಇಲ್ಲ ಎಂಬುದು ನಾಟಿ ನಾಯಿ ಸಾಕಿದವರ ಹೆಮ್ಮೆ ಅಷ್ಟೇ, ಅವಕ್ಕೂ ಬರುತ್ತದೆ.

ಹಂತ 2: ಚಿಗಟ, ಉಣ್ಣೆ, ಕಜ್ಜಿ

ಬೆಂಗಳೂರಿನ ಹವೆ ನಮಗೆಷ್ಟು ಹಿತವೋ ಚಿಗಟಕ್ಕೂ ಅಷ್ಟೇ ಹಿತ. ಹುಳುಗಳನ್ನು ಕೊಲ್ಲುವಷ್ಟು ಚಳಿ ಇಲ್ಲಿ ಬೀಳುವುದಿಲ್ಲ, ಹಾಗಾಗಿ ವರ್ಷದ ಹನ್ನೆರಡು ತಿಂಗಳೂ ಅವುಗಳದ್ದೇ. ‘ನಮ್ಮ ನಾಯಿಯ ಮೇಲೆ ಒಂದೂ ಚಿಗಟ ಇಲ್ಲ’ ಎಂದು ಆಣೆ ಮಾಡುವ ಮುನ್ನ ಹೀಗೆ ಪರೀಕ್ಷಿಸಿ. ಒಂದು ಬಿಳಿ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ನೆಲದ ಮೇಲೆ ಹರಡಿ. ನಾಯಿಯನ್ನು ಅದರ ಪಕ್ಕ ನಿಲ್ಲಿಸಿ, ಬಾಲದ ಬುಡದ ಕೂದಲನ್ನು ಹಲ್ಲು ಒತ್ತಾಗಿರುವ ಬಾಚಣಿಗೆಯಿಂದ ಚರ್ಮಕ್ಕೆ ತಾಗುವಂತೆ ಬಾಚಿ, ಬಂದದ್ದನ್ನು ಕಾಗದದ ಮೇಲೆ ಕೊಡವಿ. ಪುಡಿಮೆಣಸಿನಂಥ ಕಪ್ಪು ಚುಕ್ಕೆಗಳು ಬಿದ್ದರೆ ಒಂದೆರಡು ನಿಮಿಷ ಕಾಯಿರಿ. ಚುಕ್ಕೆಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ನಿಮ್ಮ ನಾಯಿಯದೇ ರಕ್ತ. ಇನ್ನೊಂದು ಮಾತು: ಅಲರ್ಜಿಯಿರುವ ನಾಯಿ ಕಚ್ಚಿ ನೆಕ್ಕಿ ಚಿಗಟವನ್ನು ನುಂಗಿಬಿಡುವುದರಿಂದ ಏನೂ ಸಿಗದೆಯೂ ಇರಬಹುದು. ಅಂಥ ನಾಯಿಗೆ ತುರಿಕೆ ಹುಟ್ಟಿಸಲು ಬೆರಳೆಣಿಕೆಯ ಕಡಿತಗಳು ಸಾಕು. ಆದ್ದರಿಂದ ಸಿಗಲಿ ಬಿಡಲಿ, ಚಿಕಿತ್ಸೆ ಮಾಡಿಯೇ ಮುಂದೆ ಹೋಗಬೇಕು.

ನಾಯಿಯ ಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ಸಣ್ಣದೊಂದು ಪಾಲು. ಮೊಟ್ಟೆ, ಮರಿಹುಳ, ಕೋಶಗಳೆಲ್ಲ ಹಾಸಿಗೆಯಲ್ಲಿ, ಸೋಫಾದ ಸಂದಿಯಲ್ಲಿ, ಕಾರಿನ ಸೀಟಿನಲ್ಲಿ ಇರುತ್ತವೆ. ಕೋಶದೊಳಗಿನ ಹುಳ ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಹೊರಬರಬಲ್ಲದು. ಹಾಗಾಗಿ ಒಂದು ಡೋಸ್ ಹಾಕಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಬೇಕು, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ನಡೆಸಬೇಕು. ನಾಯಿಯ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಿರಿ.

ಈಗ ಹೆಚ್ಚಿನ ವೈದ್ಯರು ಬರೆದುಕೊಡುವುದು ಅಫಾಕ್ಸೋಲೇನರ್, ಸಾರೋಲೇನರ್, ಫ್ಲೂರಾಲೇನರ್ ಎಂಬ ಗುಂಪಿನ ಮಾತ್ರೆಗಳನ್ನು. ಮೊದಲೆರಡನ್ನು ತಿಂಗಳಿಗೊಮ್ಮೆ ಕೊಡಬೇಕು. ಫ್ಲೂರಾಲೇನರ್ ಚಿಗಟದ ಮೇಲೆ ಸುಮಾರು ಹನ್ನೆರಡು ವಾರ ಕೆಲಸ ಮಾಡುತ್ತದೆ. ಇವು ಉಣ್ಣೆಯನ್ನೂ ಕಜ್ಜಿಹುಳವನ್ನೂ ಕೊಲ್ಲುವುದರಿಂದ ಒಂದೇ ಏಟಿಗೆ ಮೂರು ಅನುಮಾನಗಳು ನಿವಾರಣೆಯಾಗುತ್ತವೆ. ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಆಗ ಬೇರೆ ಔಷಧ ಆರಿಸಬೇಕಾಗುತ್ತದೆ. ಕುತ್ತಿಗೆಯ ಹಿಂದೆ ಬಿಡುವ ಹನಿ ಔಷಧವಾದರೆ ಹಾಕುವ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ. ಬೆಕ್ಕೂ ಇರುವ ಮನೆಯಲ್ಲಿ ಪರ್ಮೆತ್ರಿನ್ ಇರುವ ನಾಯಿಯ ಔಷಧ ಬಳಸಲೇಬೇಡಿ. ಅದು ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಕಜ್ಜಿಯಲ್ಲಿ ಎರಡು ಜಾತಿ. ಸಾರ್ಕಾಪ್ಟಿಕ್ ಕಜ್ಜಿ ಬೀದಿ ನಾಯಿಗಳಿಂದ ಸುಲಭವಾಗಿ ಅಂಟುತ್ತದೆ, ತುರಿಕೆ ವಿಪರೀತ, ಕಿವಿಯ ಅಂಚು ಮತ್ತು ಮೊಣಕೈಯಲ್ಲಿ ಹೊಪ್ಪಳೆ ಕಟ್ಟುತ್ತದೆ. ಮನೆಯವರ ಕೈಯಲ್ಲೂ ಸಣ್ಣ ಗುಳ್ಳೆ ಏಳಬಹುದು. ಕಿವಿಯ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ನಾಯಿಯ ಹಿಂಗಾಲು ತಾನಾಗಿ ಕೆರೆಯತೊಡಗಿದರೆ ಅನುಮಾನ ಬಲವಾಗುತ್ತದೆ. ಡೆಮೋಡೆಕ್ಸ್ ಹಾಗಲ್ಲ, ಹೆಚ್ಚಾಗಿ ಮರಿಗಳಲ್ಲಿ ಕಂಡುಬಂದು ಮೊದಮೊದಲು ತುರಿಕೆಯಿಲ್ಲದೆಯೇ ಕೂದಲು ಉದುರಿಸುತ್ತದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ಎರಡಕ್ಕೂ ಮಾಡಿಸಬೇಕು. ಕಜ್ಜಿಹುಳ ಕೊಲ್ಲುವ ಅಮಿಟ್ರಾಜ್ ದ್ರಾವಣವನ್ನು ಅಂಗಡಿಯಿಂದ ತಂದು ಕಣ್ಣಳತೆಯಲ್ಲಿ ಬೆರೆಸಿ ಸುರಿಯುವ ಪದ್ಧತಿ ಇನ್ನೂ ಇದೆ. ಅದು ನಾಯಿಗೂ ಸುರಿಯುವವರಿಗೂ ವಿಷ, ಬಿಡಿ.

ಉಣ್ಣೆಯ ತೊಂದರೆ ಚರ್ಮಕ್ಕೆ ಮುಗಿಯುವುದಿಲ್ಲ. ಜ್ವರ, ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆ ಜ್ವರವಿರಬಹುದು. ರಕ್ತ ಪರೀಕ್ಷೆಗೆ ಅಂದೇ ಹೋಗಿ.

ಹಂತ 3: ಸೋಂಕನ್ನು ಇಳಿಸುವುದು

ಕೆರೆದು ಕೆರೆದು ಒಡೆದ ಚರ್ಮದಲ್ಲಿ ಬ್ಯಾಕ್ಟೀರಿಯಾ ಮತ್ತು ಮಲಸೀಜಿಯಾ ಎಂಬ ಯೀಸ್ಟ್ ಬೆಳೆಯುತ್ತವೆ, ಅವು ತಾವೇ ಇನ್ನಷ್ಟು ತುರಿಕೆ ತರುತ್ತವೆ. ಕೀವು ತುಂಬಿದ ಸಣ್ಣ ಗುಳ್ಳೆಗಳು, ಅಂಚು ಸಿಪ್ಪೆ ಸುಲಿದಂತಿರುವ ವೃತ್ತಗಳು ಬ್ಯಾಕ್ಟೀರಿಯಾದ ಗುರುತು. ಜಿಡ್ಡು, ಕಮಟು ವಾಸನೆ, ಕಪ್ಪಾಗಿ ದಪ್ಪವಾದ ಚರ್ಮ ಯೀಸ್ಟಿನದು. ವೈದ್ಯರು ಚರ್ಮಕ್ಕೆ ಅಂಟುಪಟ್ಟಿ ಅಥವಾ ಗಾಜಿನ ಸ್ಲೈಡ್ ಒತ್ತಿ, ಬಣ್ಣ ಹಾಕಿ ನೋಡಿದರೆ ಯಾವುದು ಎಷ್ಟಿದೆ ಎಂದು ಅಲ್ಲೇ ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಮೂರನೆಯ ಬಾರಿಯೂ ಆಂಟಿಬಯೋಟಿಕ್ ಬರೆಯುವ ಕಡೆ ಇರುವುದಕ್ಕಿಂತ ಬೇರೆ ವೈದ್ಯರನ್ನು ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹೆಚ್ಚಿನ ಸೋಂಕುಗಳು ಔಷಧದ ಶಾಂಪೂವಿಗೆ ಬಗ್ಗುತ್ತವೆ. ಕ್ಲೋರ್‌ಹೆಕ್ಸಿಡಿನ್ ಇರುವುದು ಬ್ಯಾಕ್ಟೀರಿಯಾಕ್ಕೆ; ಜೊತೆಗೆ ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇದ್ದರೆ ಯೀಸ್ಟಿಗೂ ಸರಿ. ಔಷಧ ಒಳ್ಳೆಯದೇ, ಸ್ನಾನ ಮಾಡಿಸುವ ರೀತಿಯೇ ಹಲವು ಮನೆಗಳಲ್ಲಿ ಕೆಡುವುದು. ನೊರೆ ಬಂದ ಕೂಡಲೇ ತೊಳೆದರೆ ಶಾಂಪೂ ಚರಂಡಿಗೆ ಹೋಯಿತು, ಚರ್ಮಕ್ಕೆ ಏನೂ ಸಿಗಲಿಲ್ಲ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಚರ್ಮದವರೆಗೂ ನೆನೆಸಿ. ಶಾಂಪೂವನ್ನು ಮೊದಲು ಹಚ್ಚಬೇಕಾದ್ದು ಪಂಜ, ಕಂಕುಳು, ತೊಡೆಸಂದಿಗೆ, ಬೆನ್ನು ಕೊನೆಗೆ. ಆಮೇಲೆ ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಡಿ. ಆ ಹತ್ತು ನಿಮಿಷ ನಾಯಿ ನೆಕ್ಕದಂತೆ ಒಬ್ಬರು ತಲೆ ಹಿಡಿದುಕೊಂಡು ಮಾತಾಡಿಸುತ್ತಿರಬೇಕು, ಇನ್ನೊಬ್ಬರು ಬೆರಳುಗಳ ನಡುವೆ ನೊರೆ ಉಜ್ಜುತ್ತಿರಬೇಕು. ಗಡಸು ಕೊಳವೆಬಾವಿ ನೀರು ಬರುವ ಬಡಾವಣೆಗಳಲ್ಲಿ ಶಾಂಪೂ ಸರಿಯಾಗಿ ತೊಳೆದುಹೋಗುವುದಿಲ್ಲ. ಕೊನೆಯ ಜಾಲಾಡಿಕೆಗೆ ಒಂದೆರಡು ಬಕೆಟ್ ಕಾವೇರಿ ನೀರೋ ಮಳೆನೀರೋ ತೆಗೆದಿಡಿ. ಬೆರಳ ಸಂದಿ, ಮುಖದ ಮಡಿಕೆ, ಬಾಲದ ಕೆಳಗೆ ಒಣಗುವವರೆಗೆ ಒರೆಸಿ. ಮೊದಲ ಎರಡು ಮೂರು ವಾರ ವಾರಕ್ಕೆ ಎರಡು ಸಲ, ಆಮೇಲೆ ವೈದ್ಯರು ಹೇಳಿದಂತೆ ಕಡಿಮೆ ಮಾಡಿ.

ಮನುಷ್ಯರ ಸೋಪು, ಶಾಂಪೂ ಬೇಡ. ನಾಯಿಯ ಚರ್ಮದ ಪಿಎಚ್ ನಮ್ಮದಕ್ಕಿಂತ ಬೇರೆ. ಇನ್ನು ಬೇವಿನೆಣ್ಣೆ. ಮಲಸೀಜಿಯಾ ಕೊಬ್ಬನ್ನು ಬಳಸಿಕೊಂಡೇ ಬೆಳೆಯುವ ಜೀವಿ, ಎಣ್ಣೆಯ ಜಿಡ್ಡು ದೂಳನ್ನೂ ಹಿಡಿದಿಡುತ್ತದೆ, ನಾಯಿ ಅದನ್ನು ನೆಕ್ಕಿ ವಾಂತಿ ಮಾಡಿಕೊಳ್ಳುತ್ತದೆ. ಫಿನೈಲ್, ಸೀಮೆಎಣ್ಣೆ, ಟೀ ಟ್ರೀ ಎಣ್ಣೆಗಳ ಬಗ್ಗೆ ಹೇಳುವುದೇ ಬೇಡ. ಇವೆಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು ಮೆಡಿಕಲ್ ಅಂಗಡಿಯ ಹುಳುಕಡ್ಡಿ ಟ್ಯೂಬು. ಅವುಗಳಲ್ಲಿ ಹಲವಾರು ಪ್ರಬಲ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಕಲಸುಮೇಲೋಗರ. ಎರಡು ದಿನ ಕೆಂಪು ಇಳಿದಂತೆ ಕಂಡು ಆಮೇಲೆ ಸೋಂಕು ಇಮ್ಮಡಿಯಾಗುತ್ತದೆ, ಹಚ್ಚಿದ್ದರಲ್ಲಿ ಅರ್ಧ ನಾಯಿಯ ಹೊಟ್ಟೆ ಸೇರುತ್ತದೆ.

ಕಿವಿಗೆ ಬಡ್ ಹಾಕಬೇಡಿ. ನಾಯಿಗೆಂದೇ ಇರುವ ಕಿವಿ ದ್ರಾವಣ ತುಂಬಿ, ಕಿವಿಯ ಬುಡವನ್ನು ಹೊರಗಿನಿಂದ ಪಿಚಪಿಚ ಸದ್ದು ಬರುವಂತೆ ಒತ್ತಿ, ತಲೆ ಕೊಡವಲು ಬಿಟ್ಟು, ಹೊರಬಂದ ಕೊಳೆಯನ್ನಷ್ಟೇ ಹತ್ತಿಯಿಂದ ಒರೆಸಿ. ನಾಯಿ ತಲೆ ಒಂದೇ ಕಡೆ ವಾಲಿಸುತ್ತಿದ್ದರೆ ಅಥವಾ ಮುಟ್ಟಿದರೆ ಅರಚುತ್ತಿದ್ದರೆ ದ್ರಾವಣವೂ ಬೇಡ, ಕಿವಿತಮಟೆ ಹರಿದಿರಬಹುದು.

ಹಂತ 4: ಎಂಟು ವಾರದ ಊಟದ ಪಥ್ಯ

ಚಿಗಟ ಹೋಗಿ, ಸೋಂಕು ಇಳಿದ ಮೇಲೂ ನೋಟ್‌ಬುಕ್ಕಿನ ಅಂಕ ಇಳಿಯದಿದ್ದರೆ ಈಗ ಊಟದ ಸರದಿ. ರಕ್ತ, ಜೊಲ್ಲು ಅಥವಾ ಕೂದಲಿನ ಪರೀಕ್ಷೆಯಿಂದ ಆಹಾರದ ಅಲರ್ಜಿ ಹೇಳುತ್ತೇವೆ ಎನ್ನುವವರಿದ್ದಾರೆ, ಅವನ್ನು ನಂಬಲಾಗದು. ನಾಯಿಗೆ ಪಥ್ಯ ಹಿಡಿಸುವುದೊಂದೇ ದಾರಿ.

ಪಥ್ಯದಲ್ಲಿ ಎರಡು ಬಗೆ. ಒಂದು, ಈ ತನಕ ನಾಯಿ ತಿಂದೇ ಇರದ ಒಂದು ಪ್ರೋಟೀನು ಮತ್ತು ಒಂದು ಪಿಷ್ಟ. ಬೆಂಗಳೂರಿನ ನಾಯಿಗಳೆಲ್ಲ ಕೋಳಿ ಅನ್ನದಲ್ಲೇ ಬೆಳೆದವು, ಹಾಗಾಗಿ ಕೋಳಿ ಲೆಕ್ಕಕ್ಕಿಲ್ಲ. ಮೀನು, ಬಾತುಕೋಳಿ, ಮೊಲ, ಹಂದಿ ಇವುಗಳಲ್ಲಿ ಅದು ತಿಂದಿರದ ಒಂದನ್ನು ಆರಿಸಿ, ಆಲೂಗೆಡ್ಡೆ ಅಥವಾ ಗೆಣಸಿನ ಜೊತೆ ಬೇಯಿಸಬಹುದು. ಮೀನಾದರೆ ಮುಳ್ಳು ತೆಗೆದು, ಹಂದಿಯಾದರೆ ಪೂರ್ತಿ ಬೇಯಿಸಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಎಂದಿಗೂ ಬೇಡ. ಈ ಅಡುಗೆಯಲ್ಲಿ ಕ್ಯಾಲ್ಸಿಯಂ ಮುಂತಾದವು ಸಾಲವು, ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು. ಬೆಳೆಯುವ ಮರಿಗಂತೂ ಇದು ಸಲ್ಲದು. ಎರಡನೆಯ ಬಗೆ, ಪ್ರೋಟೀನನ್ನು ದೇಹ ಗುರುತಿಸಲಾರದಷ್ಟು ಸಣ್ಣ ತುಣುಕುಗಳಾಗಿ ಒಡೆದು ಮಾಡಿದ ಹೈಡ್ರೊಲೈಸ್ಡ್ ಒಣ ಆಹಾರ. ದುಬಾರಿ. ಆದರೆ ಬಸವನಗುಡಿಯೋ ಮಲ್ಲೇಶ್ವರವೋ, ಒಲೆಯ ಮೇಲೆ ಮಾಂಸ ಏರದ ಮನೆಗಳಿಗೆ ಇದರಷ್ಟು ಸಲೀಸಾದ ಉಪಾಯ ಬೇರಿಲ್ಲ. ‘ಧಾನ್ಯರಹಿತ’ ಎಂದು ಚೀಲದ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ. ನಾಯಿಗಳಿಗೆ ಹೆಚ್ಚಾಗಿ ತೊಂದರೆ ಕೊಡುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ. ಗೋಧಿ ಅವುಗಳ ಹಿಂದಿನ ಸಾಲಿನಲ್ಲಿದೆ.

ಹಾಲಿನ ಪದಾರ್ಥ ಎಂದಾಗ ನಮ್ಮವರು ಮರೆಯುವುದು ಮೊಸರನ್ನವನ್ನು. ‘ಅದು ತಂಪು, ಅದರಿಂದೇನಾದೀತು’ ಎಂದು ಅಜ್ಜಿ ಎರಡು ತುತ್ತು ಹಾಕಿದರೆ ಪಥ್ಯ ಮುರಿಯಿತು. ಹಾಲು ಹಾಕಿದ ರಾಗಿ ಅಂಬಲಿ, ಚಹಾಕ್ಕೆ ಅದ್ದಿದ ಬಿಸ್ಕತ್ತಿನ ತುಣುಕು, ಪ್ರಸಾದ, ಕಾವಲುಗಾರರು ಪ್ರೀತಿಯಿಂದ ಕೊಡುವ ಬ್ರೆಡ್ಡು, ನಡಿಗೆಯಲ್ಲಿ ರಸ್ತೆ ಬದಿ ಸಿಗುವ ಬಿರಿಯಾನಿ ಮೂಳೆ, ಬೆಕ್ಕಿನ ತಟ್ಟೆಯ ಉಳಿಕೆ ಎಲ್ಲವೂ ಲೆಕ್ಕವೇ. ಅಗಿಯುವ ಜಂತುಹುಳದ ಮಾತ್ರೆ, ಚಿಗಟದ ಮಾತ್ರೆ, ಪರಿಮಳದ ಟೂತ್‌ಪೇಸ್ಟುಗಳಲ್ಲೂ ಮಾಂಸದ ಅಂಶ ಇರಬಹುದು. ಆ ಎಂಟು ವಾರಕ್ಕೆ ಬದಲಿ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಮನೆಗೆಲಸದವರು, ಮಕ್ಕಳು, ಪಕ್ಕದ ಮನೆಯ ಅಂಕಲ್ ಎಲ್ಲರಿಗೂ ಒಂದೇ ಮಾತು ಹೇಳಿ: ಡಾಕ್ಟರು ಬೇಡ ಎಂದಿದ್ದಾರೆ. ‘ಅಲರ್ಜಿ’ ಎಂದರೆ ಒಂದು ತುಣುಕಿನಿಂದ ಏನಾಗುತ್ತದೆ ಎಂದು ವಾದಕ್ಕೆ ನಿಲ್ಲುತ್ತಾರೆ, ‘ಡಾಕ್ಟರು’ ಎಂದರೆ ಸುಮ್ಮನಾಗುತ್ತಾರೆ. ಬಹುಮಾನಕ್ಕೆ ಅದೇ ಪಥ್ಯದ ಊಟದಲ್ಲಿ ಒಂದು ಹಿಡಿ ತೆಗೆದಿಟ್ಟುಕೊಂಡು ಕೊಡಿ.

ಎಂಟು ವಾರ ಎಂದರೆ ಎಂಟು ವಾರ. ಮೂರನೆಯ ವಾರಕ್ಕೆ ಗುಣ ಕಾಣಲಿಲ್ಲವೆಂದು ಬಿಟ್ಟರೆ ಪಟ್ಟ ಪಾಡೆಲ್ಲ ದಂಡ. ಮೊದಲ ವಾರಗಳಲ್ಲಿ ತುರಿಕೆ ಇಳಿಸುವ ಮಾತ್ರೆಯನ್ನು ವೈದ್ಯರು ಕೊಡಬಹುದು. ಅದನ್ನು ಪಥ್ಯ ಮುಗಿಯುವ ಮುನ್ನ ನಿಲ್ಲಿಸಿ ನೋಡಬೇಕು, ಇಲ್ಲವಾದರೆ ಗುಣ ಮಾತ್ರೆಯದೋ ಊಟದ್ದೋ ಗೊತ್ತಾಗದು.

ಅಂಕ ಇಳಿಯಿತು ಎಂದಿಟ್ಟುಕೊಳ್ಳಿ. ಈಗ ಯಾರೂ ಮನಸ್ಸು ಮಾಡದ ಕೆಲಸ: ಹಳೆಯ ಊಟವನ್ನೇ ಮತ್ತೆ ಹಾಕಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಆಹಾರದ ಅಲರ್ಜಿ ಖಚಿತ. ಪಥ್ಯಕ್ಕೆ ಹಿಂದಿರುಗಿ, ಸುಧಾರಿಸಿದ ಮೇಲೆ ಕೋಳಿ, ಮೊಸರು, ಗೋಧಿ ಎಂದು ಒಂದೊಂದನ್ನೇ ಎರಡೆರಡು ವಾರ ಸೇರಿಸುತ್ತಾ ಕಳ್ಳನನ್ನು ಹಿಡಿಯಿರಿ. ತುರಿಕೆ ಮರಳದಿದ್ದರೆ ಗುಣವಾದದ್ದು ಬೇರೆ ಕಾರಣಕ್ಕೆ, ಹಳೆಯ ಊಟ ಮುಂದುವರಿಸಬಹುದು.

ಹಂತ 5: ಉಳಿದದ್ದು ಪರಿಸರ

ಇಷ್ಟೆಲ್ಲ ಆದ ಮೇಲೂ ತುರಿಕೆ ಉಳಿದರೆ ಅಟೋಪಿ, ಅಂದರೆ ಪರಿಸರದ ಅಲರ್ಜಿ. ಇದು ಬಿಟ್ಟುಹೋಗುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿಡುವ ಕಾಯಿಲೆ. ಫೆಬ್ರವರಿ, ಮಾರ್ಚಿನಲ್ಲಿ ರಸ್ತೆಗಳಲ್ಲಿ ಟಬೆಬುಯಾ ಹೂ ಬಿಟ್ಟಾಗ ಎಲ್ಲರೂ ಅದರ ಮೇಲೆ ಗೂಬೆ ಕೂರಿಸುತ್ತಾರೆ. ಅಷ್ಟು ದೊಡ್ಡ ಬಣ್ಣದ ಹೂಗಳ ಪರಾಗ ಕೀಟಗಳ ಮೈಗೆ ಅಂಟಿ ಹೋಗುವಂಥದ್ದು, ಗಾಳಿಯಲ್ಲಿ ಹೆಚ್ಚು ತೇಲದು. ನಿಜವಾದ ಅನುಮಾನ ಇರಬೇಕಾದ್ದು ಹುಲ್ಲಿನ ಮೇಲೆ ಮತ್ತು ಮಳೆ ಬಿದ್ದ ಕೂಡಲೇ ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಏಳುವ ಕಾಂಗ್ರೆಸ್ ಗಿಡದ ಮೇಲೆ. ಅದು ಮೈಗೆ ತಾಗಿದರೂ ಚರ್ಮ ಉರಿಯಬಹುದು. ನಡಿಗೆಯ ದಾರಿಯನ್ನು ಅಂಥ ಸೈಟುಗಳಿಂದ ಆಚೆಗೆ ಬದಲಿಸಿ. ಮನೆಗೆ ಬಂದ ಕೂಡಲೇ ನಾಲ್ಕೂ ಪಂಜ ಮತ್ತು ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಹಳೆಯ ಹತ್ತಿ ಹಾಸಿಗೆಯಲ್ಲಿ ಸೇರುವ ದೂಳುಹುಳ ಇವುಗಳಿಗೂ ಗಮನ ಕೊಡಿ.

ಅಲರ್ಜಿಯ ರಕ್ತ ಪರೀಕ್ಷೆಗೆ ಈಗ ಅರ್ಥ ಬರುತ್ತದೆ. ಅಟೋಪಿ ಇದೆಯೇ ಎಂದು ತಿಳಿಯಲು ಅದು ಬೇಕಿಲ್ಲ. ಯಾವ ವಸ್ತುವಿನ ವಿರುದ್ಧ ಇಮ್ಯುನೋಥೆರಪಿ ಚುಚ್ಚುಮದ್ದು, ಅಂದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪಸ್ವಲ್ಪವಾಗಿ ಕೊಟ್ಟು ದೇಹವನ್ನು ಅದಕ್ಕೆ ಒಗ್ಗಿಸುವ ಮದ್ದು, ತಯಾರಿಸಬೇಕು ಎಂದು ಆರಿಸಲು ಬೇಕು. ಆ ಚಿಕಿತ್ಸೆಗೆ ಫಲ ಕಾಣಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು, ಎಲ್ಲ ನಾಯಿಗಳಿಗೂ ಫಲಿಸುವುದೂ ಇಲ್ಲ.

ಔಷಧಗಳಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಅಗ್ಗ, ಬೇಗ ಕೆಲಸ ಮಾಡುತ್ತದೆ. ಕಡಿಮೆ ದಿನಗಳಿಗೆ ಅದನ್ನು ಬಳಸುವುದರಲ್ಲಿ ತಪ್ಪೇನಿಲ್ಲ. ನಾಯಿ ಬಕೆಟ್‌ಗಟ್ಟಲೆ ನೀರು ಕುಡಿದು ಮನೆಯೊಳಗೇ ಮೂತ್ರ ಮಾಡಿದರೆ ಬೈಯಬೇಡಿ, ಅದು ಮಾತ್ರೆಯ ಕೆಲಸ. ನೋವಿನ ಮಾತ್ರೆಯ ಜೊತೆ ಕೊಡಬಾರದು, ಥಟ್ಟನೆ ನಿಲ್ಲಿಸಬಾರದು. ವಾರಗಟ್ಟಲೆ ದೇಹದಲ್ಲಿ ಉಳಿಯುವ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ನನ್ನ ಆಕ್ಷೇಪ ಒಂದೇ: ಮಾತ್ರೆಯನ್ನಾದರೆ ಕಡಿಮೆ ಮಾಡಬಹುದು, ಒಳಗೆ ಹೋದ ಇಂಜೆಕ್ಷನ್ ವಾಪಸು ಬರುವುದಿಲ್ಲ. ಹಾಕುವ ಮುನ್ನ ಅದು ಯಾವ ಔಷಧ, ಎಷ್ಟು ದಿನ ಇರುತ್ತದೆ ಎಂದು ಕೇಳಿ ಬರೆಸಿಕೊಳ್ಳುವ ಹಕ್ಕು ನಿಮಗಿದೆ. ಓಕ್ಲಾಸಿಟಿನಿಬ್ ಒಂದೇ ದಿನದಲ್ಲಿ ತುರಿಕೆ ಇಳಿಸಬಲ್ಲದು. ಒಂದು ವರ್ಷದೊಳಗಿನ ನಾಯಿಗೆ, ಗಂಭೀರ ಸೋಂಕಿರುವ ನಾಯಿಗೆ ಕೊಡುವುದಿಲ್ಲ. ಸೈಕ್ಲೊಸ್ಪೋರಿನ್ ಹಿಡಿತಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು, ಆರಂಭದಲ್ಲಿ ವಾಂತಿ ಇರಬಹುದು. ಸೆಟಿರಿಜಿನ್‌ನಂಥ ಮಾತ್ರೆಗಳ ಪರಿಣಾಮ ನಾಯಿಗಳಲ್ಲಿ ದುರ್ಬಲ. ಮನೆಯಲ್ಲಿರುವ ನೆಗಡಿ ಮಾತ್ರೆಯನ್ನು ಅಲರ್ಜಿ ಮಾತ್ರೆ ಎಂದುಕೊಂಡು ಕೊಡಬೇಡಿ, ಅದರಲ್ಲಿ ಬೆರೆತಿರುವ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ನಾಯಿಗೆ ಅಪಾಯ. ಮೀನೆಣ್ಣೆಯ ಒಮೆಗಾ-3 ಚರ್ಮಕ್ಕೆ ಒಳ್ಳೆಯದು, ಫಲಕ್ಕೆ ಎರಡು ಮೂರು ತಿಂಗಳ ತಾಳ್ಮೆ ಬೇಕು.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು?

ಹತ್ತಿರದ ವೈದ್ಯರಿಂದಲೇ ಶುರುಮಾಡಿ. ಮೂರು ನಾಲ್ಕು ತಿಂಗಳಲ್ಲಿ ದಾರಿ ಕಾಣದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಚರ್ಮರೋಗದಲ್ಲಿ ಪಳಗಿದ ಖಾಸಗಿ ವೈದ್ಯರಿಗೋ ತೋರಿಸಬಹುದು. ಹೆಬ್ಬಾಳಕ್ಕೆ ಹೋಗುವವರು ಬೆಳಿಗ್ಗೆ ಬೇಗ ಹೊರಡಿ, ಮೇಲ್ಸೇತುವೆಯ ವಾಹನ ದಟ್ಟಣೆಯಲ್ಲಿ ತುರಿಕೆಯ ನಾಯಿಯನ್ನು ಕೂರಿಸಿಕೊಳ್ಳುವುದು ಇಬ್ಬರಿಗೂ ಶಿಕ್ಷೆ. ನೋಟ್‌ಬುಕ್, ಹಳೆಯ ಚೀಟಿಗಳು, ಕೊಟ್ಟ ಮಾತ್ರೆಗಳ ಖಾಲಿ ಪಟ್ಟಿಗಳು, ತುರಿಕೆ ಜೋರಾದ ದಿನದ ಫೋಟೋ, ಊಟದ ಚೀಲದ ಹಿಂಭಾಗದ ಚಿತ್ರ ಜೊತೆಗಿರಲಿ. ಹೋಗುವ ಮುನ್ನಾದಿನ ಸ್ನಾನ ಮಾಡಿಸಬೇಡಿ, ಕಿವಿ ಒರೆಸಬೇಡಿ. ಅಂಟುಪಟ್ಟಿಗೆ ಸಿಗಬೇಕಾದ್ದು ತೊಳೆದುಹೋಗಿರುತ್ತದೆ. ಯಾವುದೇ ಸ್ಟಿರಾಯ್ಡ್ ಕೊಟ್ಟಿದ್ದರೆ ಕೊನೆಯ ಡೋಸಿನ ತಾರೀಖು ಹೇಳಿ, ಪರೀಕ್ಷೆಯ ಫಲಿತಾಂಶವನ್ನು ಅದು ಏರುಪೇರು ಮಾಡಬಲ್ಲದು.